ಹೂ ಬಿಡುವ ಮುಂಚೆ

ರಾಗಿ ಪೈರು ಗೇಣುದ್ದ ಎದ್ದಿರುವ ದಿನಗಳಲ್ಲಿ ರಾತ್ರಿ ಮಳೆ ಹೊಯ್ದು ಬೆಳಿಗ್ಗೆ ಬಿಸಿಲು ಬಿದ್ದರೆ ನಾನು ಮನೆಯಲ್ಲಿ ನಿಲ್ಲುವುದಿಲ್ಲ. ಕೋಲಾರದಿಂದ ಊರಿಗೆ ಹೋಗುವ ಮೊದಲ ಬಸ್ಸು ಹತ್ತಿಬಿಡುತ್ತೇನೆ. ಹೆಗಲ ಚೀಲದ ಹೊರಜೇಬಿನಲ್ಲಿ ಮಡಚುವ ಭೂತಗನ್ನಡಿ, ಮೋಟು ಪೆನ್ಸಿಲು, ಉಂಗುರಕ್ಕೆ ಪೋಣಿಸಿದ ಒಂದು ಕಟ್ಟು ಕಾರ್ಡು. ಅಂಗೈಯಗಲದ ಕಾರ್ಡುಗಳು. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದೇನೆ, ಮಳೆಗೂ ಕೆಸರಿಗೂ ಅಂಜುವುದಿಲ್ಲ. ಒಂದು ಕಾರ್ಡಿಗೆ ಒಂದು ಸೊಪ್ಪು. 8 ಮಳೆಗಾಲಗಳಲ್ಲಿ 57 ಕಾರ್ಡು ಆಗಿವೆ. ಬಸ್ಸಿನಲ್ಲಿ ಕೂತಾಗ ಆಗಾಗ ಜೇಬಿನ ಮೇಲೆ ಕೈಯಿಟ್ಟು ಕಟ್ಟು ಇದೆಯಲ್ಲ ಎಂದು ನೋಡಿಕೊಳ್ಳುತ್ತೇನೆ. ಎಳೇ ಮಗುವನ್ನು ಮಲಗಿಸಿ ಬಂದ ತಾಯಿ ಮತ್ತೆ ಮತ್ತೆ ತೊಟ್ಟಿಲ ಕಡೆ ನೋಡುವ ಹಾಗೆ.

ಜೇಬಿನಲ್ಲಿ ಹಿಡಿಸುವ ಗಿಡದ ಪುಸ್ತಕ ಎಂಬ ವಸ್ತುವೇ ನನಗೆ ಬಲು ಇಷ್ಟ. ಮೊದಲನೆಯದು ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ. ರಿಚರ್ಡ್ ಮೇಬಿ ಬರೆದ ‘ಫುಡ್ ಫಾರ್ ಫ್ರೀ’, ಕಾಲಿನ್ಸ್ ಜೆಮ್ ಮಾಲೆಯ ಕಿರುಪುಸ್ತಕ. ಮೂಲ ಪುಸ್ತಕ ಇಂಗ್ಲೆಂಡಿನಲ್ಲಿ ಬಂದದ್ದು 1972ರಲ್ಲಿ. ಬೇಲಿಯಂಚಿನಲ್ಲಿ, ಕಾಡಿನಲ್ಲಿ, ಕಡಲ ದಡದಲ್ಲಿ ಕಾಸಿಲ್ಲದೆ ಸಿಗುವ ಸೊಪ್ಪು, ಹಣ್ಣು, ಬೀಜ, ಅಣಬೆಗಳ ಬಗ್ಗೆ ಅದು ಹೇಳುತ್ತದೆ. ನನ್ನ ಕೈಗೆ ಬಂದ ಪ್ರತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಿತ್ತು. ಹಿಂದೆ ಅದು ಯಾರ ಕೈಯಲ್ಲಿತ್ತೋ, ಅವರು ಅದನ್ನು ನಿಜವಾಗಿ ಬಯಲಿಗೆ ಒಯ್ದಿದ್ದರು. ಮೂಲೆಗಳು ಸವೆದು ದುಂಡಗಾಗಿದ್ದವು. ಒಂದು ಹಾಳೆಯ ಮೇಲೆ ಹಸುರು ರಸದ ಹೆಬ್ಬೆಟ್ಟಿನ ಗುರುತಿತ್ತು. ಒಳಗಿದ್ದ ಗಿಡಗಳಲ್ಲಿ ಮುಕ್ಕಾಲು ಪಾಲು ನಾನು ಕಂಡಿರದವು. ಆದರೂ ಊರು ಬರುವವರೆಗೆ ಒಂದೊಂದೇ ಹಾಳೆ ತಿರುವುತ್ತ ಬಂದೆ. ‘ಫ್ಯಾಟ್ ಹೆನ್’ ಎಂಬ ಹೆಸರಿದ್ದ ಹಾಳೆಯಲ್ಲಿ ಕೈ ನಿಂತಿತು. ಅದು ನಮ್ಮ ಚಕ್ಕೋತ ಸೊಪ್ಪು! ಎಳೆಯ ಎಲೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ನೀರು ಚಿಮುಕಿಸಿದರೆ ನೆನೆಯದೆ ಮಣಿಮಣಿಯಾಗಿ ಉರುಳುತ್ತದೆ. ನಮ್ಮ ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವ ಸೊಪ್ಪನ್ನು ಅಷ್ಟು ದೂರದ ಚಳಿನಾಡಿನವರೂ ಹಿತ್ತಲಿನಿಂದ ಕಿತ್ತು ಬೇಯಿಸುತ್ತಾರೆ ಎಂದು ತಿಳಿದಾಗ ಕಾಣದ ಊರಿನಲ್ಲಿ ನಂಟರು ಸಿಕ್ಕ ಹಾಗಾಯಿತು.

ಆಮೇಲೆ ಇಂಥ ಪುಸ್ತಕ ಎಲ್ಲಿ ಕಂಡರೂ ಬಿಡಲಿಲ್ಲ. ಅಮೆರಿಕದ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ಹಕ್ಕಿಗಳ ಕೈಪಿಡಿ ಮಾಡಿದರು. ಒಂದು ಹಕ್ಕಿಯನ್ನು ಅದರಂತೆಯೇ ಕಾಣುವ ಇನ್ನೊಂದರಿಂದ ಬೇರೆ ಮಾಡುವ ಗುರುತು ಎಲ್ಲಿದೆಯೋ ಅಲ್ಲಿಗೆ ಒಂದು ಸಣ್ಣ ಗೆರೆ ಎಳೆದು ತೋರಿಸುವುದು ಅವರ ಪದ್ಧತಿ. ಮಗ ಲೀ ಆ್ಯಲನ್ ಪೀಟರ್ಸನ್ 1970ರ ದಶಕದಲ್ಲಿ ತಿನ್ನುವ ಕಾಡುಗಿಡಗಳಿಗೂ ಒಂದು ಕೈಪಿಡಿ ಬರೆದರು. ಈ ಗೆರೆ ನನ್ನ ಮನಸ್ಸನ್ನು ಹಿಡಿಯಿತು. ಗಿಡ ಹೇಗಿದೆ ಎಂದು ಉದ್ದಕ್ಕೆ ವರ್ಣಿಸುವ ಪುಸ್ತಕ ಮನೆಯಲ್ಲಿ ಓದಲು ಚೆನ್ನ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಕುಡಿ ಹಿಡಿದು, ಇದರಲ್ಲಿ ಯಾವುದು ಸಾರಿಗೆ, ಯಾವುದು ತಿಪ್ಪೆಗೆ ಎಂದು ಕೇಳುವವರಿಗೆ ಬೇಕಾದದ್ದು ಆ ಒಂದು ಗೆರೆ.

ಆದರೆ ಪೀಟರ್ಸನ್ ಕೈಪಿಡಿ ಗಿಡಗಳನ್ನು ಜೋಡಿಸಿರುವುದು ಹೂವಿನ ಬಣ್ಣದ ಮೇಲೆ. ಬಿಳಿ ಹೂವಿನವು ಒಂದು ಕಡೆ, ಹಳದಿಯವು ಒಂದು ಕಡೆ. ನನಗೆ ತೊಡಕು ಶುರುವಾದದ್ದು ಅಲ್ಲಿ.

ನಮ್ಮ ಕಡೆಯ ಬೆರಕೆ ಸೊಪ್ಪು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ, ಬದುವಿನಲ್ಲಿ, ಬೇಲಿಸಂದಿಯಲ್ಲಿ ತಾನಾಗಿ ಹುಟ್ಟಿದ ಹತ್ತು ಹದಿನೈದು ಬಗೆಯ ಕುಡಿಗಳನ್ನು ಒಟ್ಟಿಗೆ ಚಿವುಟಿ ತಂದದ್ದೇ ಬೆರಕೆ. ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ, ಕೀರೆ, ಮುಳ್ಳುಕೀರೆ. ಯಾವುದೊಂದೂ ಮಿಕ್ಕವನ್ನು ಮೀರಬಾರದು. ಗಣಿಕೆ ಮೀರಿದರೆ ಕಹಿ, ಗೋಣಿ ಮೀರಿದರೆ ಹುಳಿಯೂ ಲೋಳೆಯೂ. ಹದವಾಗಿ ಬೆರೆತ ಸೊಪ್ಪನ್ನು ಹುರುಳಿಯ ಜೊತೆ ಬೇಯಿಸಿ, ಕಟ್ಟು ಬಸಿದು ಬಸ್ಸಾರು ಮಾಡಿ, ಬಸಿದ ಸೊಪ್ಪಿಗೆ ಒಣಮೆಣಸಿನಕಾಯಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಪಲ್ಯ ಮಾಡಿ, ಬಿಸಿ ಮುದ್ದೆಯ ಪಕ್ಕದಲ್ಲಿಟ್ಟರೆ ಬೇರೆ ಊಟ ನೆನಪಾಗುವುದಿಲ್ಲ. ಅಜ್ಜಿ ಹೊಲದಲ್ಲಿ ಕಳೆ ಕೀಳುತ್ತಲೇ ಸೊಪ್ಪು ಆಯುತ್ತಿದ್ದಳು. ಕಿತ್ತ ಗಿಡದ ಕುಡಿ ಮಡಿಲಿಗೆ, ಬುಡ ಬದುವಿಗೆ. ಕಳೆ ಬೇರೆ, ಸೊಪ್ಪು ಬೇರೆ ಎಂಬ ಲೆಕ್ಕ ಅವಳಲ್ಲಿರಲಿಲ್ಲ. ಹೂ ಬಂದ ಗಿಡವನ್ನು ಮಾತ್ರ ಮಡಿಲಿಗೆ ಹಾಕಿದ್ದು ನಾನು ಕಾಣೆ. “ಹೂ ಕಚ್ಚಿದ ಮೇಲೆ ಅದು ದನಕ್ಕೆ” ಅನ್ನುತ್ತಿದ್ದಳು.

ಪುಸ್ತಕ ಹಿಡಿದು ಹೊಲದಲ್ಲಿ ನಿಂತಾಗ ಅಜ್ಜಿಯ ಈ ಮಾತಿನ ತೂಕ ತಿಳಿಯಿತು. ಪುಸ್ತಕದಲ್ಲಿ ಅಣ್ಣೆಯ ಚಿತ್ರವೆಂದರೆ ಆಳೆತ್ತರದ ಗಿಡ, ತುದಿಯಲ್ಲಿ ತಿಳಿಗುಲಾಬಿಯಿಂದ ಬೆಳ್ಳಿಯ ಬಣ್ಣಕ್ಕೆ ತಿರುಗುವ ಹೂತೆನೆ. ನೋಡಲು ಚೆಂದ. ನಾನು ಕೊಯ್ಯಬೇಕಾದ ಅಣ್ಣೆ ನಾಲ್ಕು ಬೆರಳು ಎತ್ತರದ್ದು, ಆರೇಳು ಎಲೆಯದು, ತೆನೆಯ ಸುಳಿವೇ ಇಲ್ಲದ್ದು. ಗಣಿಕೆಯ ಚಿತ್ರದಲ್ಲಿ ಬಿಳಿ ಹೂವೂ ಕಪ್ಪು ಹಣ್ಣೂ ತೂಗುತ್ತವೆ. ಹೊಲದ ಗಣಿಕೆಯಲ್ಲಿ ಎಲೆ ಬಿಟ್ಟರೆ ಏನೂ ಇಲ್ಲ. ತಿನ್ನಲು ತಕ್ಕ ವಯಸ್ಸಿನಲ್ಲಿ ಗಿಡಕ್ಕೆ ಗುರುತಿನ ಚೀಟಿ ಇರುವುದಿಲ್ಲ, ಗುರುತಿನ ಚೀಟಿ ಬರುವ ಹೊತ್ತಿಗೆ ಅದು ತಿನ್ನಲು ಬರುವುದಿಲ್ಲ.

ಇದಕ್ಕೆ ಕಾರಣ ಹಳೆಯದು. ಲಿನೇಯಸ್ 1753ರಲ್ಲಿ ‘ಸ್ಪೀಶೀಸ್ ಪ್ಲಾಂಟಾರಮ್’ ಪ್ರಕಟಿಸಿದಾಗ ಗಿಡಗಳನ್ನು ವಿಂಗಡಿಸಿದ್ದು ಹೂವಿನ ಕೇಸರಗಳ ಎಣಿಕೆ ಮತ್ತು ಜೋಡಣೆಯ ಮೇಲೆ. ಆ ಲೆಕ್ಕ ಆಮೇಲೆ ಬದಲಾಯಿತು, ಹೂವಿಗೆ ಕೊಟ್ಟ ಪಟ್ಟ ಮಾತ್ರ ಉಳಿಯಿತು. ಉಳಿದದ್ದು ಸರಿಯೂ ಹೌದು. ಎಲೆ ನೆರಳಿನಲ್ಲಿ ಅಗಲವಾಗುತ್ತದೆ, ಬಿಸಿಲಲ್ಲಿ ಕಿರಿದಾಗುತ್ತದೆ. ನೀರು ಗೊಬ್ಬರ ಕಂಡರೆ ಗಿಡ ಅಣ್ಣನಾಗುತ್ತದೆ, ಬರಡು ನೆಲದಲ್ಲಿ ತಮ್ಮನಾಗಿ ಉಳಿಯುತ್ತದೆ. ಹೂ ಅಷ್ಟು ಸುಲಭಕ್ಕೆ ವೇಷ ಬದಲಿಸುವುದಿಲ್ಲ. ಆದ್ದರಿಂದ ಗಿಡಶಾಸ್ತ್ರದವರು ಹೂ ಬರುವವರೆಗೆ ಕಾಯುತ್ತಾರೆ. ಸಾಲ್ಡಾನ ಮತ್ತು ನಿಕೊಲ್ಸನ್ ಅವರ ‘ಫ್ಲೋರ ಆಫ್ ಹಾಸನ ಡಿಸ್ಟ್ರಿಕ್ಟ್’ 1976ರಲ್ಲಿ ಬಂತು. ನಮ್ಮ ನಾಡಿನ ಒಂದು ಜಿಲ್ಲೆಯ ಗಿಡಗಳಿಗೆ ಸಂದ ಅಂಥ ಶ್ರದ್ಧೆಯನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಆದರೆ ಅದು ಮೇಜಿನ ಮೇಲಿಟ್ಟು ಓದುವ ದಪ್ಪ ಪುಸ್ತಕ, ಹೂ ಕಾಯಿ ಕೈಯಲ್ಲಿ ಹಿಡಿದು ಕೂತವರಿಗಾಗಿ ಬರೆದದ್ದು. ಕಾದು ಕೂರುವಷ್ಟು ಹೊತ್ತು ಬೆರಕೆ ಕೊಯ್ಯುವವರಿಗೆ ಇರುವುದಿಲ್ಲ. ಮಧ್ಯಾಹ್ನಕ್ಕೆ ಸಾರಾಗಬೇಕು.

ಬಿ.ಜಿ.ಎಲ್. ಸ್ವಾಮಿಯವರ ಋಣವನ್ನು ಇಲ್ಲಿ ಹೇಳಿಕೊಳ್ಳಲೇಬೇಕು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಹಸುರು ಹೊನ್ನು’ ಜೇಬಿನ ಪುಸ್ತಕವಲ್ಲ, ತಿನ್ನುವ ಸೊಪ್ಪಿನ ಪುಸ್ತಕವೂ ಅಲ್ಲ. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಕಥೆ. ಗಿಡವೊಂದರ ವಿವರವನ್ನು ಕನ್ನಡದಲ್ಲಿ ಬರೆದರೂ ಶಾಸ್ತ್ರ ಸೋರಿಹೋಗುವುದಿಲ್ಲ, ನಾಲ್ಕು ಗೆರೆಯ ಚಿತ್ರದಲ್ಲಿ ಇಡೀ ಗಿಡ ಎದ್ದು ನಿಲ್ಲುತ್ತದೆ ಎಂಬ ಧೈರ್ಯ ನನಗೆ ಬಂದದ್ದು ಆ ಪುಸ್ತಕದಿಂದ. ನಾನೇ ಬರೆಯುತ್ತೇನೆ, ನಾನೇ ಬಿಡಿಸುತ್ತೇನೆ ಎಂದು ಹೊರಟೆ.

ಬೀಜದಿಂದ ಶುರುಮಾಡಿದೆ. ಹೂ ಕಾಯಿ ಬಿಟ್ಟು ಬಲಿತ ಗಿಡವನ್ನು ಮೊದಲು ಸರಿಯಾಗಿ ಗುರುತಿಸುವುದು. ಅದರ ಬೀಜ ತಂದು ಮನೆಯ ಮಹಡಿಯ ಮೇಲೆ ಸಣ್ಣ ಕುಂಡದಲ್ಲಿ ಬಿತ್ತುವುದು. ಆಗ ಮೊಳೆತದ್ದರ ಜಾತಿ ಯಾವುದೆಂದು ಅನುಮಾನವಿರುವುದಿಲ್ಲ, ಅಕ್ಕಪಕ್ಕ ತಾನಾಗಿ ಬಂದ ಮೊಳಕೆಯನ್ನು ಕಿತ್ತೆಸೆಯುತ್ತಿದ್ದರೆ ಸಾಕು. ಎರಡೆಲೆಯಲ್ಲಿ ಒಂದು ಚಿತ್ರ, ನಾಲ್ಕೆಲೆಯಲ್ಲಿ ಒಂದು, ಚಿವುಟುವ ಹದಕ್ಕೆ ಬಂದಾಗ ಒಂದು. ಆಫೀಸಿಗೆ ಹೊರಡುವ ಮುಂಚೆ ಒಂದು ಗಂಟೆ ಮಹಡಿಯ ಮೇಲೆ ಮಣೆ ಹಾಕಿಕೊಂಡು ಕೂರುತ್ತೇನೆ. ಆ ಒಂದು ಗಂಟೆಯನ್ನು ಯಾರು ಏನು ಕೊಡುತ್ತೇನೆಂದರೂ ಬಿಟ್ಟುಕೊಡಲಾರೆ. ಮೊಳಕೆಯನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಗೊತ್ತು, ಕಾಂಡದ ಮೇಲಿನ ರೋಮಗಳು ಬೆಳಗಿನ ಬಿಸಿಲಲ್ಲಿ ಬೆಳ್ಳಿಯ ಎಳೆಗಳಂತೆ ಹೊಳೆಯುತ್ತವೆ. ಬರಿಗಣ್ಣಿಗೆ ಬೋಳಾಗಿ ಕಂಡದ್ದು ಅಲ್ಲಿ ಕಾಡಾಗಿರುತ್ತದೆ.

ಗಣಿಕೆಯ ಕಾರ್ಡು ಮಾಡಲು ಎರಡು ವರ್ಷ ಬೇಕಾಯಿತು. ಅದರ ಹತ್ತಿರದ ಬಂಧು ಉಮ್ಮತ್ತಿ, ಮದ್ದುಗುಣಿಕೆ ಎನ್ನುವುದೂ ಅದನ್ನೇ. ಎರಡೂ ಬದನೆಯ ಕುಲದವು, ಎರಡೂ ತಿಪ್ಪೆಯ ಪಕ್ಕದ ಕೊಬ್ಬಿದ ಮಣ್ಣು ಕಂಡರೆ ಬರುತ್ತವೆ. ಉಮ್ಮತ್ತಿಯ ಎಲೆ ಒಂದಿಷ್ಟು ಸಾರಿಗೆ ಬಿದ್ದರೂ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮನುಷ್ಯ ಇಲ್ಲದವರ ಜೊತೆ ಮಾತಿಗಿಳಿಯುತ್ತಾನೆ. ಅಟ್ರೊಪೀನ್ ಮತ್ತು ಅದರ ಜೊತೆಯ ವಿಷಗಳ ಕೆಲಸ ಅದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ದೊಡ್ಡ ಗಿಡಗಳನ್ನು ಯಾರೂ ಅದಲುಬದಲು ಮಾಡುವುದಿಲ್ಲ, ಉಮ್ಮತ್ತಿಯ ಕಹಳೆಯಂಥ ಹೂವೂ ಮುಳ್ಳುಕಾಯೂ ದೂರದಿಂದಲೇ ಕೂಗಿ ಹೇಳುತ್ತವೆ. ಮೊಳಕೆಯಲ್ಲಿ? ಎರಡು ಕುಂಡಗಳನ್ನು ಪಕ್ಕಪಕ್ಕ ಇಟ್ಟು ದಿನಾ ನೋಡಿದೆ. ಮೊಟ್ಟಮೊದಲು ಬರುವ ಬೀಜದೆಲೆಗಳಲ್ಲೇ ವ್ಯತ್ಯಾಸವಿತ್ತು. ಗಣಿಕೆಯವು ಸಣ್ಣವು, ಮೊಟ್ಟೆಯ ಆಕಾರದವು, ಕಿರುಬೆರಳ ಉಗುರಿನ ಮೇಲೆ ಕೂರುವಷ್ಟು. ಉಮ್ಮತ್ತಿಯವು ಈಟಿಯ ಅಲಗಿನ ಹಾಗೆ ಉದ್ದ, ಗಣಿಕೆಯದರ ಎರಡು ಮೂರು ಪಟ್ಟು. ಆಮೇಲೆ ಬರುವ ನಿಜವಾದ ಎಲೆಯನ್ನು ಉಜ್ಜಿದರೆ ಉಮ್ಮತ್ತಿ ಕೆಟ್ಟ ಕಮಟು ಬೀರುತ್ತದೆ, ಬೆರಳು ತೊಳೆದರೂ ಹೊತ್ತು ಹೋಗುವವರೆಗೆ ಬಿಡುವುದಿಲ್ಲ. ಕಾರ್ಡಿನ ಒಂದು ಮಗ್ಗುಲಲ್ಲಿ ಗಣಿಕೆ, ಇನ್ನೊಂದು ಮಗ್ಗುಲಲ್ಲಿ ಉಮ್ಮತ್ತಿ, ಎರಡರ ಬೀಜದೆಲೆಗೂ ಕೆಂಪು ಗೆರೆ. ನನ್ನ ಕಟ್ಟಿನಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ತಂದ ಕಾರ್ಡು ಅದು. ಗಣಿಕೆಯ ಹಸಿರು ಕಾಯಿ ತಿನ್ನಕೂಡದು ಎಂದು ಅದರಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಮಕ್ಕಳು ಕಪ್ಪು ಹಣ್ಣು ತಿನ್ನುವ ಭರದಲ್ಲಿ ಕಾಯನ್ನೂ ಬಾಯಿಗೆ ಹಾಕಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಂದು ಸಲ ತಪ್ಪಿದೆ. ಮೂರನೇ ಮಳೆಗಾಲ ಇರಬೇಕು. ನೆಲಕ್ಕೆ ಅಂಟಿಕೊಂಡು ಹಬ್ಬಿದ್ದ ಗೋಣಿ ಸೊಪ್ಪನ್ನು ಬೇಗಬೇಗ ಕಿತ್ತು ಮಡಿಲು ತುಂಬಿಸುತ್ತಿದ್ದೆ. ಮಳೆ ಬರುವ ಹಾಗಿತ್ತು. ಪಕ್ಕದ ಹೊಲದ ದೊಡ್ಡಮ್ಮ ಬಂದು ಮಡಿಲಿಗೆ ಕೈ ಹಾಕಿ ಒಂದು ಎಳೆ ಎತ್ತಿದರು.

“ಇದ್ಯಾಕ್ ತಾಯಿ ಹಾಕ್ಕಂಡೆ?”

“ಗೋಣಿ ಅಲ್ವಾ ದೊಡ್ಡಮ್ಮ?”

“ಮುರ್ದು ನೋಡು.”

ಮುರಿದೆ. ಮುರಿದ ಕಡೆ ಬಿಳಿ ಹಾಲು ಜಿನುಗಿತು. ಕೈಯಲ್ಲಿದ್ದದ್ದು ನೆಲಕ್ಕೆ ಹಬ್ಬುವ ಹಾಲುಗಿಡ, ಕಳ್ಳಿಯ ಕುಲದ್ದು. ಅದೇ ಕೆಂಪು ಕಾಂಡ, ಅದೇ ಚಕ್ರಾಕಾರದ ಹರಡು. ದೊಡ್ಡಮ್ಮ ಬದುವಿನ ಮೇಲೆ ಕೂತು ನನ್ನ ಮಡಿಲನ್ನು ಪೂರ್ತಿ ಸುರಿಸಿ, ಎಳೆ ಎಳೆ ಬಿಡಿಸಿ, ಹತ್ತಾರು ಎಳೆ ಹಾಲುಗಿಡ ಬೇರೆ ಹಾಕಿದರು. ಒಂದು ಮಾತು ಬೈಯಲಿಲ್ಲ. ಆ ದಿನ ರಾತ್ರಿ ಗೋಣಿಯ ಕಾರ್ಡನ್ನು ಹೊಸದಾಗಿ ಬರೆದೆ. ಗೋಣಿಯ ಎಲೆ ದಪ್ಪ, ರಸ ತುಂಬಿದ್ದು, ಚಮಚದ ಆಕಾರ, ತುದಿ ದುಂಡು. ಕಾಂಡ ಬೋಳು, ನುಣುಪು, ಹಿಸುಕಿದರೆ ನೀರು. ಹಾಲುಗಿಡದ ಎಲೆ ತೆಳು, ಕಾಂಡ ದಾರದಷ್ಟು. ಕಾರ್ಡಿನ ನೆತ್ತಿಯ ಮೇಲೆ ಬರೆದದ್ದು ಎರಡೇ ಪದ: ಮುರಿದು ನೋಡು. ಪೀಟರ್ಸನ್ 1934ರಲ್ಲಿ ಎಳೆದ ಗೆರೆಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಹಾಗೆಂದು ಹಾಲು ಬಂದದ್ದೆಲ್ಲ ವಿಷ ಎಂದು ಬರೆದುಬಿಟ್ಟರೆ ಕವಳೆ ಹಣ್ಣಿಗೆ ಅನ್ಯಾಯವಾಗುತ್ತದೆ. ಅದರ ಗಿಡದಲ್ಲೂ ಹಾಲಿದೆ. ಎಲ್ಲ ಗಿಡಕ್ಕೂ ಒಪ್ಪುವ ಒಂದೇ ನಿಯಮ ಕೊಡುವ ಪುಸ್ತಕ ಕಂಡರೆ ನನಗೆ ಭಯವಾಗುತ್ತದೆ. ಹುಳು ತಿಂದ ಎಲೆ ಮನುಷ್ಯರಿಗೂ ಆಗುತ್ತದೆ ಎನ್ನುವವರಿದ್ದಾರೆ. ಕಣಗಿಲೆಯ ಎಲೆ ತಿಂದು ಬೆಳೆಯುವ ಚಿಟ್ಟೆಯ ಮರಿಹುಳು ನಮ್ಮ ಹಿತ್ತಲಿನಲ್ಲೇ ಇದೆ, ಅದೇ ಎಲೆ ಮನುಷ್ಯರ ಹೃದಯದ ಬಡಿತವನ್ನೇ ಕೆಡಿಸುತ್ತದೆ. ನಾಲಿಗೆಯ ಮೇಲಿಟ್ಟು ನೋಡಿ, ಏನೂ ಆಗದಿದ್ದರೆ ನುಂಗಿ ಎಂಬ ಸಲಹೆಯೂ ಪುಸ್ತಕಗಳಲ್ಲಿ ಉಂಟು. ಒಣಗಿದ ಕಾಯಿ ಗೆಜ್ಜೆಯ ಹಾಗೆ ಸದ್ದು ಮಾಡುವ ಕ್ರೊಟಲೇರಿಯ ಗಿಡಗಳಲ್ಲಿ ಕೆಲವದರ ವಿಷ ತಿಂದ ದಿನ ಏನೂ ಹೇಳುವುದಿಲ್ಲ, ದಿನೇ ದಿನೇ ಈಲಿಯನ್ನು ಹಾಳುಮಾಡುತ್ತ ಹೋಗುತ್ತದೆ. ಅಂಥದ್ದನ್ನು ನಾಲಿಗೆ ಹೇಗೆ ಹಿಡಿದೀತು? ನನ್ನ ಕಾರ್ಡುಗಳಲ್ಲಿ ರುಚಿ ನೋಡಿ ಗುರುತಿಸಿ ಎಂದು ಒಂದರಲ್ಲೂ ಬರೆದಿಲ್ಲ. ಕಣ್ಣು, ಬೆರಳು, ಮೂಗು ಮೂರೂ ಹೌದೆಂದ ಮೇಲೆ, ಆ ಸೊಪ್ಪನ್ನು ತಿಂದು ಬಲ್ಲವರೊಬ್ಬರು ಹೌದೆಂದ ಮೇಲೆ, ಒಲೆಯ ಮೇಲೆ ಇಡುವುದು.

ಮೂಗಿನ ಮಾತು ಬಂತು. ಒಂದೆಲಗದ ಎಲೆ ಉಜ್ಜಿ ಮೂಸಿ ನೋಡಿ. ಅದು ಕೊತ್ತಂಬರಿಯ ಮನೆತನದ್ದು, ಕ್ಯಾರೆಟ್ಟಿನದೂ ಅದೇ ಮನೆತನ. ಎಳೆ ಕ್ಯಾರೆಟ್ಟಿನ ಸೊಪ್ಪಿನ ಕಂಪು ಅಲ್ಲಿ ತೆಳುವಾಗಿ ಸಿಗುತ್ತದೆ. ಗದ್ದೆಯಂಚಿನಲ್ಲಿ ಇದೇ ದುಂಡೆಲೆಯ ಬೇರೆ ಬಳ್ಳಿಗಳೂ ಇರುತ್ತವೆ, ಅವುಗಳಲ್ಲಿ ಬರಿ ಹಸಿ ಹುಲ್ಲಿನ ವಾಸನೆ. ಈ ಕಂಪನ್ನು ಕಾರ್ಡಿನಲ್ಲಿ ಬಿಡಿಸಲು ಬಾರದು. ಲ್ಯಾಮಿನೇಷನ್ ಮಾಡಿಸುವ ಮುಂಚೆ ಎಲೆಯನ್ನೇ ಉಜ್ಜಿ ಕಾರ್ಡಿಗೆ ಬಳಿದು ನೋಡಿದೆ, ವಾರದಲ್ಲಿ ಹಾರಿಹೋಯಿತು. ಹಸುರು ಕಲೆ ಉಳಿದಿದೆ.

ಕರಾವಳಿಗೆ ಮದುವೆಯಾಗಿ ಹೋದ ನನ್ನ ತಂಗಿಯ ಮನೆಯಲ್ಲಿ ಇನ್ನೊಂದು ಪಾಠವಾಯಿತು. ಆಟಿ ತಿಂಗಳು, ಬಿಡದ ಮಳೆ. ಅವಳ ಅತ್ತೆ ಅಂಗಳದಾಚೆ ಹೋಗಿ ಒಂದು ಬೊಗಸೆ ಎಳೆಸೊಪ್ಪು ತಂದು ಅಕ್ಕಿಹಿಟ್ಟಿಗೆ ಕಲಸಿ ಕರಿಯತೊಡಗಿದರು. ತುಳುವಿನಲ್ಲಿ ತಜಂಕ್. ನಮ್ಮ ತಗಚೆ! ನಮ್ಮ ಮನೆಯಲ್ಲಿ ಅದನ್ನು ಒಂದು ದಿನವೂ ಒಳಗೆ ತಂದವರಿಲ್ಲ. ರಸ್ತೆಬದಿಯ ಗಿಡವೆಂದು ತುಳಿದುಕೊಂಡು ಓಡಾಡಿದ್ದೆ. ಬಿಸಿ ಅಂಬಡೆ ತಿಂದು, ಕೈ ತೊಳೆದು, ಛತ್ರಿ ಹಿಡಿದು ಗಿಡ ನೋಡಲು ಹೋದೆ. ಅತ್ತೆಯವರೂ ಬಂದರು. “ಮೂರು ಜೋಡಿ ಉಂಟಲ್ಲ, ನೋಡಿ” ಎಂದು ಒಂದು ಎಲೆಯನ್ನು ಬಿಡಿಸಿ ತೋರಿಸಿದರು. ಒಂದು ತೊಟ್ಟಿಗೆ ಮೂರು ಜೋಡಿ ಕಿರುಎಲೆ, ತುದಿ ದುಂಡಗೆ. ಸಂಜೆಯಾದರೆ ಆರೂ ಎಲೆ ಕೈ ಮುಗಿದ ಹಾಗೆ ಮಡಚಿಕೊಳ್ಳುತ್ತವೆ. ಇದರ ನೆಂಟ ಇನ್ನೊಂದಿದೆ, ಸೆನ್ನ ಆಕ್ಸಿಡೆಂಟಾಲಿಸ್. ಅದಕ್ಕೆ ನಾಲ್ಕರಿಂದ ಆರು ಜೋಡಿ, ತುದಿ ಚೂಪು, ಉಜ್ಜಿದರೆ ದುರ್ನಾತ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಪುಟ್ಟ ಮಕ್ಕಳು ಈ ಗಿಡದ ಕಾಯಿಯ ಬೀಜ ತಿಂದು ಮೆದುಳಿಗೂ ಈಲಿಗೂ ಏಟು ಬಿದ್ದು ಸತ್ತದ್ದನ್ನು ವೈದ್ಯರು ಬರೆದಿಟ್ಟಿದ್ದಾರೆ. ವರ್ಷಗಟ್ಟಲೆ ಆ ಕಾಯಿಲೆ ಏನೆಂದೇ ತಿಳಿದಿರಲಿಲ್ಲ. ಅತ್ತೆಯವರು ಮೂರು ಜೋಡಿ ಎಂದು ಎಣಿಸಿ ತೋರಿಸಿದ ಆ ಬೆರಳು ನನಗೆ ಯಾವ ಪುಸ್ತಕದ ಗೆರೆಗಿಂತ ಕಡಿಮೆಯಲ್ಲ.

ಒಂದೇ ಗಿಡಕ್ಕೆ ಅಲ್ಲಿ ತಜಂಕ್, ಇಲ್ಲಿ ತಗಚೆ, ಇನ್ನೊಂದೆಡೆ ಚಗಟೆ. ಒಂದೇ ಹೆಸರಿಗೆ ಎರಡು ಗಿಡವೂ ಉಂಟು. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರಂಚಿನಲ್ಲಿ ಹಬ್ಬುವ ಸಣ್ಣೆಲೆಯ ಬಕೋಪ. ಹೀಗಾದಾಗ ಲ್ಯಾಟಿನ್ ಹೆಸರೇ ಪಂಚಾಯಿತಿ ಮಾಡಬೇಕು. ಆ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಬಾಯಿಬಿಟ್ಟು ಓದಿಕೊಳ್ಳುವುದು ನನಗೆ ಒಂದು ಸಂತೋಷ. ಹೊನಗೊನ್ನೆ ಎಂದರೆ ಆಲ್ಟರ್ನ್ಯಾಂತೆರ ಸೆಸಿಲಿಸ್. ಸೆಸಿಲಿಸ್ ಎಂದರೆ ತೊಟ್ಟಿಲ್ಲದೆ ಅಂಟಿ ಕೂತದ್ದು. ಅದರ ಬಿಳಿ ಹೂಗೊಂಚಲು ಎಲೆಯ ಕಂಕುಳಲ್ಲೇ ಕೂತಿರುತ್ತದೆ. ಕೆರೆಯಲ್ಲಿ ಹಬ್ಬುವ ಪರದೇಶದ ಸೋದರಿ ತನ್ನ ಗೊಂಚಲನ್ನು ಉದ್ದ ತೊಟ್ಟಿನ ಮೇಲೆ ಎತ್ತಿ ಹಿಡಿಯುತ್ತಾಳೆ. ಹೆಸರೇ ಗೆರೆ ಎಳೆದು ಕೊಟ್ಟಿದೆ. ಗೋಣಿ, ಪೋರ್ಚುಲಾಕ ಒಲೆರೇಸಿಯ. ಒಲೆರೇಸಿಯ ಎಂದರೆ ಅಡಿಗೆಗೆ ಒದಗುವ ಸೊಪ್ಪು. ಆ ಹೆಸರನ್ನು ಲಿನೇಯಸ್ ಬರೆದಾಗ ಅದನ್ನು ಕಳೆ ಎಂದು ಕರೆಯಲಿಲ್ಲ ಎಂಬುದು ನನಗೆ ಸಮಾಧಾನ. ಕೆಸ, ಕೊಲೊಕೇಸಿಯ ಎಸ್ಕ್ಯುಲೆಂಟ. ಎಸ್ಕ್ಯುಲೆಂಟ ಎಂದರೆ ತಿನ್ನಲು ತಕ್ಕದ್ದು. ತಕ್ಕದ್ದು ನಿಜ, ಆದರೆ ಎಲೆಯೊಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲೆಲ್ಲ ತುರಿಕೆ. ಅದಕ್ಕೇ ಕಾರ್ಡಿನಲ್ಲಿ ಗುರುತಿನಷ್ಟೇ ಜಾಗವನ್ನು ಅಡಿಗೆಗೂ ಕೊಟ್ಟಿದ್ದೇನೆ. ಹೆಸರು ಹೇಳಿ ಬೇಯಿಸುವುದನ್ನು ಹೇಳದ ಪುಸ್ತಕ ಅರ್ಧ ದಾರಿಯಲ್ಲಿ ಕೈಬಿಟ್ಟ ಹಾಗೆ.

ಈ ಬುದ್ಧಿ ಹೊಸದೇನಲ್ಲ. ಚೀನಾದ ಮಿಂಗ್ ಅರಸುಮನೆತನದ ರಾಜಕುಮಾರ ಝು ಸು 1406ರಲ್ಲಿ ‘ಜಿಯುಹುವಾಂಗ್ ಬೆನ್‌ಚಾವ್’ ಎಂಬ ಪುಸ್ತಕ ಹೊರತಂದ. ಬರಗಾಲದಲ್ಲಿ ಜೀವ ಉಳಿಸುವ 414 ಗಿಡಗಳು, ಮರದ ಅಚ್ಚಿನ ಚಿತ್ರಗಳ ಸಮೇತ. ಗಿಡ ಎಲ್ಲಿ ಬೆಳೆಯುತ್ತದೆ, ಹೇಗೆ ಕಾಣುತ್ತದೆ, ರುಚಿ ಏನು ಎಂದು ಹೇಳಿ, ಕಡೆಗೆ ಹಸಿವಿಗೆ ಅದನ್ನು ಹೇಗೆ ಒದಗಿಸಿಕೊಳ್ಳಬೇಕೆಂದು ಬೇರೆಯಾಗಿ ಬರೆದಿದ್ದಾನೆ. ಎಳೆಯ ಎಲೆಯನ್ನೇ ಕೊಯ್ಯಲು ಹೇಳುತ್ತಾನೆ, ಬೇಯಿಸಿದ ನೀರು ಚೆಲ್ಲಿ ತೊಳೆಯಲು ಹೇಳುತ್ತಾನೆ. ಬರೆಯುವ ಮುಂಚೆ ಗಿಡಗಳನ್ನು ತನ್ನ ತೋಟದಲ್ಲಿ ನೆಡಿಸಿ, ಬೆಳೆಯುವುದನ್ನು ತಾನೇ ನೋಡಿ, ಚಿತ್ರ ಬರೆಸಿದನಂತೆ. ಇದನ್ನು ಓದಿದ ದಿನ ನಾನು ಮಹಡಿಗೆ ಹೋಗಿ ಸುಮ್ಮನೆ ಕುಂಡಗಳ ನಡುವೆ ಕೂತುಕೊಂಡೆ. ಹಸಿದವರಿಗಾಗಿ ಒಬ್ಬ ಅರಸುಮಗ ಸೊಪ್ಪು ಬೆಳೆದು ನೋಡಿದ ಕಾಲದಿಂದ 600 ವರ್ಷ ದಾಟಿದೆ. ನಮ್ಮ ಮೈಸೂರು ಸಂಸ್ಥಾನವೂ 1876–78ರಲ್ಲಿ ಮಹಾಬರವನ್ನು ಕಂಡಿತು. ನಮ್ಮಜ್ಜಿಯ ಅಜ್ಜಿ ಆಗ ಸಣ್ಣ ಹುಡುಗಿ. ಬೇಲಿಯ ಸೊಪ್ಪು ಕಾಪಾಡಿತು ಎಂಬ ಒಂದು ಮಾತು ಅಲ್ಲಿಂದ ನಮ್ಮ ಮನೆಯಲ್ಲಿ ಇಳಿದುಬಂದಿದೆ. ಯಾವ ಸೊಪ್ಪು, ಹೇಗೆ ಬೇಯಿಸಿದರು ಎಂಬುದು ಇಳಿದು ಬರಲಿಲ್ಲ. ಯಾರಾದರೂ ಬರೆದಿಟ್ಟಿದ್ದರೆ ಎಂದು ಎಷ್ಟೋ ಸಲ ಮರುಗಿದ್ದೇನೆ.

ಯುದ್ಧವೂ ಇಂಥ ಪುಸ್ತಕ ಬರೆಸಿದೆ. 1943ರಲ್ಲಿ ಅಮೆರಿಕದ ಯುದ್ಧ ಇಲಾಖೆ ಪೆಸಿಫಿಕ್ ದ್ವೀಪಗಳಲ್ಲಿ ದಾರಿ ತಪ್ಪಿದ ಸೈನಿಕರಿಗೆ ಒಂದು ಕೈಪಿಡಿ ಅಚ್ಚು ಹಾಕಿಸಿತು. ಬರೆದವರು ಫಿಲಿಪೀನ್ಸಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಗಿಡಶಾಸ್ತ್ರಜ್ಞ ಎಲ್ಮರ್ ಮೆರಿಲ್. ತಿನ್ನುವ ಗಿಡಗಳ ಜೊತೆಯಲ್ಲೇ ವಿಷದ ಗಿಡಗಳನ್ನೂ ಇಟ್ಟಿದ್ದಾರೆ. ಅದು ನನಗೆ ಹಿಡಿಸಿತು. ನನ್ನ ಕಾರ್ಡಿನ ಎರಡು ಮಗ್ಗುಲೂ ಅದನ್ನೇ ಮಾಡುತ್ತವೆ.

ಈಗ ಫೋನಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರು ಬರುತ್ತದೆ. ನಾನೂ ಬಳಸುತ್ತೇನೆ, ಹೂ ಇರುವ ಗಿಡಕ್ಕೆ ಚೆನ್ನಾಗಿ ಹೇಳುತ್ತದೆ. ನಾಲ್ಕೆಲೆಯ ಕುಡಿ ತೋರಿಸಿದರೆ ಒಂದು ಸಲ ಒಂದು ಹೆಸರು, ಇನ್ನೊಂದು ಸಲ ಇನ್ನೊಂದು. ಮುರಿದರೆ ಹಾಲು ಬರುತ್ತದೆಯೇ ಎಂದು ಅದು ಕೇಳುವುದಿಲ್ಲ. ಸಾರಿನ ಪಾತ್ರೆಗೆ ಹೋಗುವ ವಿಷಯದಲ್ಲಿ ಅದರ ಮಾತನ್ನು ನಾನು ಕೊನೆಯದಾಗಿ ಒಪ್ಪಲಾರೆ.

ನನ್ನನ್ನು ನಿಜವಾಗಿ ನೋಯಿಸುವುದು ಬೇರೆ. ನಾನು ಚಿಕ್ಕವಳಿದ್ದಾಗ ಅಜ್ಜಿ ಸೊಪ್ಪು ಆಯುತ್ತಿದ್ದ ಮೇಲಿನ ಹೊಲ ಈಗ ನೀಲಗಿರಿ ತೋಪು. ಒಳಗೆ ಹೋದರೆ ಕಾಲಡಿ ಒಣ ಎಲೆ ಚರಚರ ಎನ್ನುತ್ತದೆ, ಅಣ್ಣೆಯೂ ಇಲ್ಲ, ಕೀರೆಯೂ ಇಲ್ಲ. ಉಳಿದ ಹೊಲಗಳಲ್ಲಿ ಕಳೆ ಕೀಳುವ ಆಳು ಸಿಗುವುದಿಲ್ಲವೆಂದು ಕಳೆನಾಶಕ ಹೊಡೆಯುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ, ಕೂಲಿಯ ಲೆಕ್ಕ ನನಗೂ ಗೊತ್ತು. ಆದರೆ ಔಷಧಿ ಬಿದ್ದ ಎರಡು ಮೂರು ದಿನ ಸೊಪ್ಪು ಬಾಡದೆ ಹಸುರಾಗಿಯೇ ನಿಂತಿರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಕಟ್ಟಿನ ಮೊದಲಲ್ಲಿ, ಎಣಿಕೆಗೆ ಸೇರದ ಒಂದು ಕಾರ್ಡಿದೆ, ಅದರಲ್ಲಿ ಸೊಪ್ಪಿನ ಚಿತ್ರವಿಲ್ಲ. ‘ಹೊಲದವರನ್ನು ಕೇಳಿ ಕೊಯ್ಯಿ’ ಎಂದು ಬರೆದಿದೆ. ಕೇಳಿದರೆ ಅವರು ಔಷಧಿಯ ಮಾತು ಹೇಳುತ್ತಾರೆ, ಆಮೇಲೆ ಒಳ್ಳೆಯ ಸೊಪ್ಪು ಎಲ್ಲಿದೆಯೆಂದೂ ಹೇಳುತ್ತಾರೆ, ಬಾ ಕೂತ್ಕೋ ಎಂದು ನೀರು ಕೊಡುತ್ತಾರೆ. ನನ್ನ ಕಾರ್ಡುಗಳಲ್ಲಿ ಎಷ್ಟೋ ಹಾಗೆ ಕೂತ ಜಗುಲಿಗಳ ಮೇಲೆ ತಿದ್ದಿಸಿಕೊಂಡವು.

ದೊಡ್ಡಮ್ಮ ಇಡೀ ಕಟ್ಟನ್ನು ಒಮ್ಮೆ ತೊಡೆಯ ಮೇಲಿಟ್ಟುಕೊಂಡು ನೋಡಿದರು. ಅವರಿಗೆ ಓದು ಬರುವುದಿಲ್ಲ. ಒಂದೊಂದು ಚಿತ್ರಕ್ಕೂ ಹೆಸರು ಹೇಳುತ್ತ ಹೋದರು. 57ರಲ್ಲಿ 49ಕ್ಕೆ ಸರಿಯಾಗಿ ಹೇಳಿದರು. ಮಿಕ್ಕ 8ರಲ್ಲಿ ಐದು ಮಲೆನಾಡು ಕರಾವಳಿಯವು, ಅವರು ಕಂಡವಲ್ಲ. ಉಳಿದ ಮೂರನ್ನು ಕಂಡು ತಲೆಯಾಡಿಸಿದರು. ನಾನು ಕುಂಡದ ಗಿಡ ನೋಡಿ ಬಿಡಿಸಿದ್ದೆ, ಹೊಲದಲ್ಲಿ ಅವು ಹಾಗೆ ನೆಟ್ಟಗೆ ನಿಲ್ಲುವುದಿಲ್ಲವಂತೆ. “ಮಕ ಕೆಳಗಾಕಂಡಿರ್ತಾವೆ ಕಣ್ ತಾಯಿ” ಎಂದು ಅಂಗೈ ಬಾಗಿಸಿ ತೋರಿಸಿದರು. ಮೂರನ್ನೂ ಮತ್ತೆ ಬಿಡಿಸಿದೆ.

ಹೋದ ವರ್ಷ ಅವರ ಮಡಿಲಿನಲ್ಲಿ ನಾನು ಕಾಣದ ಒಂದು ಕುಡಿ ಸಿಕ್ಕಿತು. ಎಲೆ ಎದುರುಬದುರು, ಕಾಂಡ ನಾಲ್ಕು ಮೂಲೆ, ಎಲೆಯಡಿಯ ನರದ ಮೇಲೆ ಮಾತ್ರ ರೋಮ. ಹೆಸರೇನು ಎಂದೆ. “ಇದ್ಕೇನ್ ಹೆಸ್ರಿಲ್ಲ, ಬೆರ್ಕೆಗ್ ಹಾಕ್ತೀವಿ” ಎಂದರು. ಅವರ ಅವ್ವನೂ ಹಾಕುತ್ತಿದ್ದರಂತೆ, ಅವರೂ ಹೆಸರು ಹೇಳಿರಲಿಲ್ಲವಂತೆ. ಇಷ್ಟು ತಲೆಮಾರು ತಿಂದ ಸೊಪ್ಪು, ಹೆಸರಿಲ್ಲದೆ ಬಂದಿದೆ. ಬೇರುಸಮೇತ ಒಂದು ಗಿಡ ಕೇಳಿ ತಂದು ಕುಂಡದಲ್ಲಿಟ್ಟೆ. ಅದು ಚಳಿಗೆ ಸತ್ತಿತು. ಈ ವರ್ಷ ಮತ್ತೆ ತಂದೆ, ಈ ಸಲ ಚೆನ್ನಾಗಿ ಹತ್ತಿಕೊಂಡಿದೆ. 58ನೆಯ ಕಾರ್ಡಿನಲ್ಲಿ ಎಲೆ ಬಿಡಿಸಿಯಾಗಿದೆ, ಹೆಸರಿನ ಜಾಗ ಖಾಲಿ ಇದೆ. ಕಳೆದ ಭಾನುವಾರ ದೊಡ್ಡಮ್ಮನಿಗೆ ಗಿಡದ ಸುದ್ದಿ ಹೇಳಿದೆ.

“ಇನ್ನೂ ಕಿತ್ತಿಲ್ವಾ? ಬಲ್ತೋಗ್ತದೆ ತಾಯಿ, ಆಮ್ಯಾಕೆ ತಿನ್ನಕ್ಕಾಗಲ್ಲ.”

“ಹೂ ಬರ್ಲಿ ಅಂತ ಬಿಟ್ಟಿದೀನಿ ದೊಡ್ಡಮ್ಮ.”

ಇವತ್ತು ಬೆಳಿಗ್ಗೆ ಎಲೆಯ ಕಂಕುಳಲ್ಲಿ ಸಾಸಿವೆಯಷ್ಟು ದಪ್ಪದ ಮೊಗ್ಗು ಕಂಡಿತು. ಬಣ್ಣ ಇನ್ನೂ ತಿಳಿಯುವುದಿಲ್ಲ. ಪೆನ್ಸಿಲು ಕೆತ್ತಿ ಪಕ್ಕದಲ್ಲಿಟ್ಟು ಬಂದಿದ್ದೇನೆ.